ಸಣ್ಣ ಸಂಗತಿಗಳ ಸುಖ: ಮುಂಬಯಿಯ ದಿನಚರಿಯೊಳಗೇ ರೂಢಿಸಿಕೊಳ್ಳಬಹುದಾದ ಒಂದು ಅಭ್ಯಾಸ

ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಬೆಳಕು ಹರಿಯುವ ಮೊದಲೇ ಹೊರಟು, ಎರಡು ಗಾಡಿ ಬದಲಿಸಿ ಕಚೇರಿ ಮುಟ್ಟಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಮುಂಬಯಿ ಕನ್ನಡಿಗರಿಗೆ ‘ಸಣ್ಣಪುಟ್ಟದರಲ್ಲಿ ಸಂತೋಷ ಕಾಣಿರಿ’ ಎಂದು ಹೇಳುವವರಿಗೇನೂ ಬರವಿಲ್ಲ. ಬೆಳಗಿನ ವಾಟ್ಸ್‌ಆ್ಯಪ್‌ನಲ್ಲಿ ಸೂರ್ಯೋದಯದ ಚಿತ್ರದೊಡನೆ ಈ ಉಪದೇಶ ದಿನವೂ ಬರುತ್ತದೆ, ಮಧ್ಯಾಹ್ನದೊಳಗೆ ಮರೆತೂ ಹೋಗುತ್ತದೆ. ಅದರಲ್ಲಿ ಮಾಡಬೇಕಾದ ಕೆಲಸ ಯಾವುದೆಂದು ಹೇಳಿರುವುದಿಲ್ಲವಾದ್ದರಿಂದ ಅದು ಮರೆತುಹೋಗುವುದು ಸಹಜವೇ. ಯಾವ ಹೊತ್ತಿನಲ್ಲಿ, ಯಾವುದನ್ನು, ಹೇಗೆ ಗಮನಿಸಬೇಕು, ಏನನ್ನು ಬರೆಯಬೇಕು, ಯಾರಿಗೆ ಹೇಳಬೇಕು ಎಂಬ ಕೆಲಸದ ಮಾತುಗಳನ್ನಷ್ಟೇ ಇಲ್ಲಿ ಕ್ರಮವಾಗಿ ಕೊಡಲಾಗಿದೆ. ಇದಕ್ಕಾಗಿ ದಿನದಲ್ಲಿ ಹೊಸದಾಗಿ ಸಮಯ ಹೊಂದಿಸಬೇಕಾಗಿಲ್ಲ. ಮಾಲ್‌ಗಳಲ್ಲಿ ಮಾರುವ ಹೊಂಬಣ್ಣದ ಅಂಚಿನ ಡೈರಿಯೂ ಬೇಡ. ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳು ಧಾರಾಳವಾಗಿ ಸಾಕಾಗುತ್ತವೆ.

ಇಡೀ ಅಭ್ಯಾಸದ ತಿರುಳು ಇಷ್ಟೇ: ಒಳ್ಳೆಯದೊಂದು ಒದಗಿದಾಗ ಅದರ ಮೇಲೆ ಅರೆಕ್ಷಣ ಗಮನ ನಿಲ್ಲಿಸುವುದು, ಅನಂತರ ಅದು ಯಾರ ಕೈಯಿಂದ ಬಂತೆಂದು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡುವುದು. ಈ ಎರಡನೆಯ ಭಾಗವನ್ನು ಬಿಟ್ಟರೆ ಉಳಿಯುವುದು ಬರಿಯ ರುಚಿ. ರುಚಿಯೂ ಬೇಕಾದದ್ದೇ, ಆದರೆ ಅದನ್ನು ಕೃತಜ್ಞತೆ ಎನ್ನಲಾಗದು.

ಏಕೆ ಬೇಕು ಎಂಬ ಪ್ರಶ್ನೆ

ಮನಸ್ಸು ಯಾವುದಕ್ಕಾದರೂ ಬೇಗ ಒಗ್ಗಿಕೊಳ್ಳುತ್ತದೆ. ಚಾಳಿನ ಖೋಲಿಯಿಂದ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದ ಮೊದಲ ತಿಂಗಳಲ್ಲಿ ಮನೆಯೊಳಗೇ ಶೌಚಾಲಯವಿರುವುದು ದೊಡ್ಡ ಭಾಗ್ಯವೆನಿಸುತ್ತದೆ. ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ನಲ್ಲಿ ಸೋರುವುದು ಮಾತ್ರ ಕಣ್ಣಿಗೆ ಬೀಳುತ್ತದೆ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಲಾಟರಿ ಗೆದ್ದ 22 ಜನರನ್ನು, ಗೆಲ್ಲದ 22 ಜನರೊಡನೆ ಹೋಲಿಸಿ ನೋಡಿದ್ದರು. ಗೆದ್ದವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ. ಅಷ್ಟೇ ಅಲ್ಲ, ಬೆಳಗಿನ ತಿಂಡಿ, ಗೆಳೆಯನೊಡನೆ ಹರಟೆ, ಒಂದು ನಗೆಮಾತು ಇಂಥ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷ ಉಳಿದವರಿಗಿಂತ ಕಡಿಮೆಯೇ ಇತ್ತು. ಇದು ಚಿಕ್ಕ ಅಧ್ಯಯನ, ಇದರ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟಬೇಕಾಗಿಲ್ಲ. ಆದರೆ ಪ್ರಮೋಷನ್ ಸಿಕ್ಕ ಮೇಲೆ, ಸ್ವಂತ ಮನೆಯಾದ ಮೇಲೆ, ಮಗಳ ಮದುವೆ ಮುಗಿದ ಮೇಲೆ ನೆಮ್ಮದಿಯಾಗಿರೋಣ ಎಂದು ಸಂತೋಷವನ್ನು ಮುಂದೂಡುತ್ತ ಬಂದವರಿಗೆ ಈ ಮಾತಿನ ಹುರುಳು ಬೇಗ ಅರ್ಥವಾಗುತ್ತದೆ. ಇದರ ಜೊತೆಗೆ, ಒಳಿತಿಗಿಂತ ಕೆಡುಕು ಮನಸ್ಸಿನಲ್ಲಿ ಆಳವಾಗಿ ಊರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಹಲವು ಬಗೆಯಲ್ಲಿ ತೋರಿಸಿದ್ದಾರೆ. ಗಾಡಿ ಹೊತ್ತಿಗೆ ಸರಿಯಾಗಿ ಬಂದ ದಿನಗಳನ್ನು ಯಾರೂ ನೆನಪಿಡುವುದಿಲ್ಲ, ಕುರ್ಲಾದ ಬಳಿ ಸಿಗ್ನಲ್ ಕೆಟ್ಟು ಮುಕ್ಕಾಲು ಗಂಟೆ ನಿಂತ ದಿನವನ್ನು ಮನೆಮಂದಿಗೆಲ್ಲ ವಿವರಿಸುತ್ತೇವೆ. ಆದ್ದರಿಂದ ಒಳ್ಳೆಯದು ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ ಎಂದು ಕೂರುವಂತಿಲ್ಲ, ಅದನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ಮೊದಲ ಹೆಜ್ಜೆ: ದಿನದಲ್ಲಿ ಈಗಾಗಲೇ ಇರುವ ಒಂದು ಗಳಿಗೆಯನ್ನು ಆರಿಸಿಕೊಳ್ಳಿ

ನಾಳೆಯಿಂದ ಬೆಳಗ್ಗೆ ಐದಕ್ಕೆದ್ದು ಧ್ಯಾನ ಮಾಡುತ್ತೇನೆ ಎಂಬ ಸಂಕಲ್ಪ ಈ ಊರಿನಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಅದರ ಬದಲು, ನೀವು ಹೇಗೂ ಮಾಡುತ್ತಿರುವ ಒಂದು ಕೆಲಸವನ್ನು ಆರಿಸಿಕೊಳ್ಳಿ. ಅದು ದಿನವೂ ನಡೆಯುವಂಥದ್ದಾಗಿರಬೇಕು, ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು, ನಾಲಿಗೆ, ಮೂಗು, ಕಿವಿ ಅಥವಾ ಚರ್ಮಕ್ಕೆ ತಾಗುವಂಥದ್ದಾಗಿರಬೇಕು. ಬೆಳಗಿನ ಕಾಫಿ, ಸ್ನಾನದ ಮೊದಲ ತಂಬಿಗೆ ನೀರು, ದೇವರ ಮುಂದೆ ಹಚ್ಚುವ ದೀಪ, ಮಾಟುಂಗಾದ ಹೂವಿನ ಸಾಲಿನಲ್ಲಿ ಕೊಂಡ ಮಲ್ಲಿಗೆಯನ್ನು ಮುಡಿಗೇರಿಸುವ ಗಳಿಗೆ, ಮಧ್ಯಾಹ್ನ ಡಬ್ಬದ ಮುಚ್ಚಳ ತೆರೆದಾಗ ಬರುವ ಪರಿಮಳ, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಅದೃಷ್ಟವನ್ನು ನಂಬಿಕೊಂಡ ಸಂಗತಿಯನ್ನು ಮಾತ್ರ ಆರಿಸಿಕೊಳ್ಳಬೇಡಿ. ವಿಂಡೋ ಸೀಟು ಸಿಕ್ಕರೆ ಸಂತೋಷಪಡುತ್ತೇನೆ ಎಂದು ನಿರ್ಧರಿಸಿದರೆ, ಅದು ಸಿಗದ ದಿನಗಳಲ್ಲಿ ದುಃಖಪಡಲು ಹೊಸದೊಂದು ಕಾರಣವನ್ನು ನೀವೇ ಹುಟ್ಟಿಸಿಕೊಂಡಂತಾಗುತ್ತದೆ.

ಮೊದಲ ಎರಡು ವಾರ ಆ ಒಂದು ಗಳಿಗೆಯಷ್ಟೇ ಸಾಕು. ಹುಮ್ಮಸ್ಸಿನಲ್ಲಿ ಏಳೆಂಟನ್ನು ಹಿಡಿದವರು ಒಂದನ್ನೂ ಉಳಿಸಿಕೊಳ್ಳುವುದಿಲ್ಲ.

ಎರಡನೆಯ ಹೆಜ್ಜೆ: ಅರ್ಧ ನಿಮಿಷ ಅದರಲ್ಲೇ ನಿಲ್ಲಿ

ಕಾಫಿಯನ್ನೇ ಆರಿಸಿಕೊಂಡಿರಿ ಎನ್ನೋಣ. ಮಾಟುಂಗಾದಲ್ಲಿ ಕಣ್ಣೆದುರೇ ಬೀಜ ಪುಡಿಮಾಡಿ ಕೊಡುವ ಅಂಗಡಿಯಿಂದ ತಂದ ಪುಡಿಯನ್ನು ರಾತ್ರಿಯೇ ಫಿಲ್ಟರಿಗೆ ಹಾಕಿ, ಕುದಿಯುವ ನೀರು ಹೊಯ್ದು ಮುಚ್ಚಿಟ್ಟಿರುತ್ತೀರಿ. ಬೆಳಗ್ಗೆ ಮೇಲಿನ ಪಾತ್ರೆಯನ್ನು ತಿರುಗಿಸಿ ತೆಗೆಯುವಾಗ ತಳದಲ್ಲಿ ಕಡುಕಪ್ಪಾಗಿ ನಿಂತ ಡಿಕಾಕ್ಷನ್ನಿನ ಅಂಚು ಬೆಳಕಿಗೆ ಕೆಂಪಗೆ ಕಾಣುತ್ತದೆ. ಹಾಲು ಉಕ್ಕುವ ಸದ್ದು, ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದಾಗ ಏಳುವ ನೊರೆ, ಉಗುರಿಗೆ ತಾಗುವ ಸ್ಟೀಲಿನ ಬಿಸಿ, ಮೊದಲ ಗುಟುಕಿನ ಕಹಿ, ಅದರ ಹಿಂದೆಯೇ ಬರುವ ಸಿಹಿ ಇವೆಲ್ಲ ಒಂದೇ ನಿಮಿಷದೊಳಗೆ ನಡೆದುಹೋಗುತ್ತವೆ. ಆ ಹೊತ್ತಿನಲ್ಲಿ ಎಡಗೈಯಲ್ಲಿ ಫೋನು ಇದ್ದರೆ ಕಾಫಿ ಹೊಟ್ಟೆಗೆ ಹೋಗುತ್ತದೆಯೇ ಹೊರತು ಅನುಭವಕ್ಕೆ ಬರುವುದಿಲ್ಲ. ಆದ್ದರಿಂದ ಈ ಹೆಜ್ಜೆಯಲ್ಲಿ ಮಾಡಬೇಕಾದದ್ದು ಒಂದೇ: ಮೊದಲ ಮೂರು ಗುಟುಕು ಮುಗಿಯುವವರೆಗೆ ಫೋನನ್ನು ಬೇರೆ ಕೋಣೆಯಲ್ಲಿಡಿ, ಕೈಗೂ ನಾಲಿಗೆಗೂ ತಾಗುತ್ತಿರುವುದನ್ನು ಮನಸ್ಸಿನಲ್ಲೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. ‘ಕಾಫಿ ಚೆನ್ನಾಗಿದೆ’ ಎಂಬುದು ಆ ವಾಕ್ಯವಲ್ಲ. ‘ಇವತ್ತು ಡಿಕಾಕ್ಷನ್ ನಿನ್ನೆಗಿಂತ ಗಟ್ಟಿಯಾಗಿದೆ, ಚಿಕೋರಿ ಕಡಿಮೆ ಹಾಕಿಸಿದ್ದು ಗೊತ್ತಾಗುತ್ತಿದೆ’ ಎಂದರೆ ನೀವು ನಿಜವಾಗಿ ಕುಡಿದಿದ್ದೀರಿ ಎಂದರ್ಥ. ವಿವರ ಹೆಚ್ಚಿದಷ್ಟೂ ನೆನಪು ಉಳಿಯುತ್ತದೆ.

ಮೂರನೆಯ ಹೆಜ್ಜೆ: ಅದು ಯಾರಿಂದ ಬಂತು ಎಂದು ಹಿಂದಕ್ಕೆ ಹೋಗಿ

ಈ ಹೆಜ್ಜೆಯೇ ಅಭ್ಯಾಸದ ಬೆನ್ನೆಲುಬು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು. ಮುಂಬಯಿಯಲ್ಲಿ ನಲ್ಲಿಯ ನೀರಿಗಿಂತ ಉತ್ತಮ ಪಾಠ ಇನ್ನೊಂದಿಲ್ಲ.

ಬೆಳಗ್ಗೆ ನಿಗದಿಯಾದ ಹೊತ್ತಿಗೆ ನಲ್ಲಿಯಲ್ಲಿ ಗಾಳಿ ಬುಸ್ಸೆಂದು, ಬಳಿಕ ನೀರು ಬರುತ್ತದೆ. ಅದನ್ನು ಹಿಂಬಾಲಿಸಿ ನೋಡಿ. ನಿಮ್ಮ ಸೊಸೈಟಿಯ ಪಂಪು ಹಾಕುವ ವಾಚ್‌ಮನ್‌ಗಿಂತ ಹಿಂದೆ, ರಸ್ತೆಯಡಿಯ ಕವಾಟಗಳನ್ನು ಉದ್ದನೆಯ ಕೀಲಿಯಿಂದ ತಿರುಗಿಸಿ ಒಂದೊಂದು ಭಾಗಕ್ಕೂ ಅದರದರ ಹೊತ್ತಿಗೆ ನೀರು ಬಿಡುವ ಪಾಲಿಕೆಯ ನೌಕರನಿದ್ದಾನೆ. ಜನ ಅವನನ್ನು ಚಾವಿವಾಲಾ ಎನ್ನುತ್ತಾರೆ. ಅವನಿಗಿಂತ ಹಿಂದೆ ಭಾಂಡುಪ್‌ನ ಶುದ್ಧೀಕರಣ ಘಟಕದಲ್ಲಿ ಮೂರು ಪಾಳಿಗಳಲ್ಲಿ ದುಡಿಯುವವರಿದ್ದಾರೆ. ಅದಕ್ಕೂ ಹಿಂದೆ ತಾನಸಾ, ಭಾತ್ಸಾ, ವೈತರಣಾ ಜಲಾಶಯಗಳಿವೆ. ನಗರಕ್ಕೆ ಕೊಳವೆಯ ನೀರು ತಂದ ವಿಹಾರ ಕೆರೆ 1860ರಲ್ಲಿ ಮುಗಿದದ್ದು, ತಾನಸಾ 1892ರದ್ದು. ಅಂದರೆ ನಮ್ಮಲ್ಲಿ ಅನೇಕರ ಮುತ್ತಜ್ಜಂದಿರು ಊರು ಬಿಟ್ಟು ಹಡಗು ಹತ್ತುವ ಮೊದಲೇ ಯಾರೋ ಕಲ್ಲು ಹೊತ್ತು ಕಟ್ಟೆ ಕಟ್ಟಿದ್ದರು. ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರೆ ಸಂತೋಷದ ಜೊತೆಗೆ ಮುಜುಗರವೂ ಸಿಗುತ್ತದೆ: ತಾನಸಾ, ಭಾತ್ಸಾಗಳಿರುವ ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲೇ ಹಲವು ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಈ ಮುಜುಗರವನ್ನು ಬದಿಗೆ ಸರಿಸಬೇಡಿ. ಕೃತಜ್ಞತೆ ಎಂದರೆ ಹಾಯೆನಿಸುವ ಭಾವನೆ ಮಾತ್ರ ಎಂದು ತಿಳಿದವರು ಇಲ್ಲಿಗೆ ನಿಲ್ಲಿಸುತ್ತಾರೆ. ಋಣವಿದೆ ಎಂದು ತಿಳಿದವರು ಸೋರುವ ನಲ್ಲಿಗೆ ಅಂದೇ ಪ್ಲಂಬರನ್ನು ಕರೆಸುತ್ತಾರೆ.

ದಿನವೂ ಇಷ್ಟು ದೂರ ಹೋಗಬೇಕಾಗಿಲ್ಲ. ಸಾಮಾನ್ಯ ದಿನಗಳಲ್ಲಿ ಒಂದು ಕೈ ಹಿಂದಕ್ಕೆ ಹೋದರೆ ಸಾಕು. ಡಬ್ಬದಲ್ಲಿ ಚಪಾತಿ ಮೆತ್ತಗಿದ್ದರೆ, ಬೆಳಗ್ಗೆ ಆರಕ್ಕೆ ಹಿಟ್ಟು ನಾದಿದವರು ಯಾರು? ನೀವು ಇಳಿಯುವುದು ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣದಲ್ಲಾದರೆ, 2017ರಲ್ಲಿ ಅದನ್ನು ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೆ ವಹಿಸಲಾಯಿತೆಂಬುದು ನಿಮಗೆ ಗೊತ್ತಿರಬಹುದು. ಟಿಕೆಟು ಕೊಟ್ಟ ಕೈಯನ್ನು ಎಂದಾದರೂ ತಲೆಯೆತ್ತಿ ನೋಡಿದ್ದೀರಾ? ಭಾನುವಾರ ಮೈಸೂರು ಅಸೋಸಿಯೇಷನ್ನಿನ ಸಭಾಂಗಣದಲ್ಲಿ ಕೂತು ಕನ್ನಡ ನಾಟಕ ನೋಡಿ ಬಂದರೆ, ಆ ಸಂಸ್ಥೆಯನ್ನು 1926ರಲ್ಲಿ ಕಟ್ಟಿದವರು ತಾವು ಎಂದೂ ಕಾಣದ ಪ್ರೇಕ್ಷಕರಿಗಾಗಿ ದುಡಿದಿದ್ದರು ಎಂಬುದು ನೆನಪಾಗಲಿ. ಹೊರನಾಡಿನಲ್ಲಿ ನಮಗೆ ಸಿಕ್ಕಿರುವ ಕನ್ನಡವೆಲ್ಲ ಹೀಗೆ ಹಿಂದಿನವರು ಬಿಟ್ಟುಹೋದದ್ದೇ.

ನಾಲ್ಕನೆಯ ಹೆಜ್ಜೆ: ವಾರಕ್ಕೊಮ್ಮೆ ಬರೆಯಿರಿ

ದಿನವೂ ಬರೆಯಬೇಕು ಎಂಬುದು ಸಾಮಾನ್ಯ ನಂಬಿಕೆ. ಸೋನಿಯಾ ಲ್ಯೂಬೊಮಿರ್‌ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಮಗೆ ಒದಗಿದ ಒಳಿತನ್ನು ವಾರಕ್ಕೊಮ್ಮೆ ಎಣಿಸಿದವರ ನೆಮ್ಮದಿ ಆರು ವಾರಗಳಲ್ಲಿ ಹೆಚ್ಚಿತು, ವಾರಕ್ಕೆ ಮೂರು ಬಾರಿ ಎಣಿಸಿದವರದು ಹೆಚ್ಚಲಿಲ್ಲ. ಪದೇ ಪದೇ ಮಾಡಿದರೆ ಅದೂ ಹೋಂವರ್ಕ್ ಆಗಿಬಿಡುತ್ತದೆ ಎಂಬುದನ್ನು ಶಾಲೆಗೆ ಹೋದ ಯಾರಾದರೂ ಊಹಿಸಬಲ್ಲರು. ಅದಕ್ಕೂ ಮೊದಲು 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಪ್ರಕಟಿಸಿದ, ಈಗ ಎಲ್ಲರೂ ಉಲ್ಲೇಖಿಸುವ ಅಧ್ಯಯನದಲ್ಲಿಯೂ ಒಂದು ಗುಂಪು ಹತ್ತು ವಾರಗಳ ಕಾಲ, ವಾರಕ್ಕೊಮ್ಮೆ, ಐದರವರೆಗಿನ ಸಂಗತಿಗಳನ್ನು ಬರೆದಿತ್ತು. ಕಿರಿಕಿರಿಗಳನ್ನು ಪಟ್ಟಿ ಮಾಡಿದ ಗುಂಪಿಗಿಂತ ಇವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ತೋರಿದ್ದರು. ಇದಕ್ಕೆ ಬೇರೆಯಾಗಿ, ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರ 2005ರ ಪ್ರಯೋಗದಲ್ಲಿ ಒಂದು ವಾರ ಮಾತ್ರ ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿಗಳನ್ನೂ, ಅವು ಏಕೆ ನಡೆದವು ಎಂಬುದನ್ನೂ ಬರೆಸಲಾಗಿತ್ತು. ಅದರ ಪರಿಣಾಮ ಆರು ತಿಂಗಳವರೆಗೂ ಕಂಡುಬಂತು. ಈ ‘ಏಕೆ’ ಎಂಬುದು ಮೇಲೆ ಹೇಳಿದ ಮೂರನೆಯ ಹೆಜ್ಜೆಯೇ.

ಎರಡನ್ನೂ ಸೇರಿಸಿ ಹೀಗೆ ಮಾಡಬಹುದು: ಮೊದಲ ವಾರ ದಿನವೂ ರಾತ್ರಿ ಮೂರು ಸಂಗತಿಗಳನ್ನು ಕಾರಣದೊಡನೆ ಬರೆಯಿರಿ, ಕೈ ಕುದುರಲಿ. ಎರಡನೆಯ ವಾರದಿಂದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಮಲಗುವ ಮೊದಲು, ಒಮ್ಮೆ ಬರೆದರೆ ಸಾಕು. ‘ಆರೋಗ್ಯ, ಕುಟುಂಬ, ಕೆಲಸ’ ಎಂದು ಬರೆಯುವುದು ಸರ್ಕಾರಿ ಅರ್ಜಿ ತುಂಬಿದಂತೆ. ಮುಂದಿನ ವಾರವೂ ಅದನ್ನೇ ಬರೆಯುತ್ತೀರಿ, ಮೂರನೆಯ ವಾರ ಪುಸ್ತಕ ಕಪಾಟಿಗೆ ಸೇರುತ್ತದೆ. ಬರೆಯಬೇಕಾದ ರೀತಿ ಇಂಥದ್ದು: ‘ಗುರುವಾರ ಮಳೆಯಲ್ಲಿ ದಾದರಿನ ಸೇತುವೆ ಮೇಲೆ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಕೆಳಗೆ ಕೂತಿದ್ದ ಚಮ್ಮಾರ ಅಂಗಡಿ ಕಟ್ಟುತ್ತಿದ್ದವನು ಮತ್ತೆ ಪೆಟ್ಟಿಗೆ ಬಿಚ್ಚಿ ಎರಡು ಹೊಲಿಗೆ ಹಾಕಿಕೊಟ್ಟ. ಅವನ ಗಾಡಿ ತಪ್ಪಿರಬೇಕು.’ ಇದರಲ್ಲಿ ದಿನವಿದೆ, ಜಾಗವಿದೆ, ಕೆಲಸವಿದೆ, ಇನ್ನೊಬ್ಬರು ತೆತ್ತ ಬೆಲೆಯಿದೆ. ನಾಲ್ಕೂ ಇದ್ದರೆ ಒಂದೇ ಟಿಪ್ಪಣಿ ಸಾಕು, ಐದರ ಲೆಕ್ಕ ತುಂಬಿಸಲು ಹೆಣಗಬೇಡಿ.

ಬರೆಯಲು ಒಲ್ಲದ ಹಿರಿಯರೂ ಮನೆಯಲ್ಲಿರುತ್ತಾರೆ. ಊರಿನ ಅಂಗಳ ಬಿಟ್ಟು ಮಗನ ಎಂಟನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ ದಿನ ಕಳೆಯುವ ಅಜ್ಜಿಗೆ ನೋಟುಪುಸ್ತಕ ಕೊಟ್ಟು ‘ಬರಿ ಅಜ್ಜಿ’ ಎನ್ನುವುದಕ್ಕಿಂತ, ರಾತ್ರಿ ಊಟಕ್ಕೆ ಕೂತಾಗ ಮೊಮ್ಮಕ್ಕಳು ‘ಅಜ್ಜಿ, ಇವತ್ತು ಕಿಟಕಿಯಲ್ಲಿ ಏನು ನೋಡಿದ್ರಿ?’ ಎಂದು ಕೇಳುವುದು ಮೇಲು. ಕೇಳಿದವರಿಗೆ ಕೇಳುವ ತಾಳ್ಮೆ ಇರಬೇಕು, ಅಷ್ಟೇ.

ಐದನೆಯ ಹೆಜ್ಜೆ: ಹೇಳಬೇಕಾದವರಿಗೆ ಹೇಳಿ

ನಮ್ಮ ಮನೆಗಳಲ್ಲಿ ಉಪಕಾರವನ್ನು ಬಾಯಿಬಿಟ್ಟು ಹೇಳುವ ರೂಢಿ ಕಡಿಮೆ. ಗಂಡ ಹೆಂಡತಿಗೆ, ಮಗ ತಾಯಿಗೆ ಧನ್ಯವಾದ ಹೇಳಿದರೆ ಸಭೆಯ ಕೊನೆಯ ವಂದನಾರ್ಪಣೆಯಂತೆ ಕೇಳುತ್ತದೆ, ಎದುರಿನವರು ನಗುತ್ತಾರೆ. ಇದಕ್ಕೆ ಪರಿಹಾರ ಸುಲಭವಿದೆ. ಗಮನಿಸಿದ್ದನ್ನು ಹಾಗೆಯೇ ಹೇಳಿಬಿಡಿ. ‘ಇವತ್ತು ಸಾರಿಗೆ ಇಂಗಿನ ಒಗ್ಗರಣೆ ಸರಿಯಾಗಿ ಬಿದ್ದಿದೆ, ಡಬ್ಬ ಬಿಚ್ಚಿದ ಕೂಡಲೇ ಪಕ್ಕದ ಟೇಬಲ್ಲಿನವರೂ ಕೇಳಿದರು’ ಎಂದರೆ ಹೇಳಬೇಕಾದದ್ದೆಲ್ಲ ಹೇಳಿದಂತಾಯಿತು.

ದೂರವಾದವರಿಗೆ, ಹಳೆಯ ಋಣದವರಿಗೆ, ಪತ್ರ ಬೇಕು. ಮುಂಬಯಿಗೆ ಬಂದ ಹೊಸತರಲ್ಲಿ ಮಲಗಲು ಜಾಗ ಕೊಟ್ಟವರು, ಹೋಟೆಲಿನಲ್ಲಿ ಹಗಲೆಲ್ಲ ದುಡಿದು ಬಂದ ಹುಡುಗರಿಗೆ ಕನ್ನಡ ರಾತ್ರಿ ಶಾಲೆಗಳಲ್ಲಿ ಪಾಠ ಹೇಳಿದ ಮಾಸ್ತರರು, ಮೊದಲ ಕೆಲಸಕ್ಕೆ ಶಿಫಾರಸು ಮಾಡಿದ ನೆರೆಯವರು ಇಂಥವರು ಪ್ರತಿಯೊಂದು ಮನೆತನದ ಕಥೆಯಲ್ಲೂ ಇರುತ್ತಾರೆ, ಅವರಲ್ಲಿ ಹಲವರು ಈಗ ಎಂಬತ್ತರ ಗಡಿಯಲ್ಲಿದ್ದಾರೆ. ಪತ್ರದಲ್ಲಿ ಮೂರು ಸಂಗತಿಗಳಿದ್ದರೆ ಸಾಕು: ಅವರು ಏನು ಮಾಡಿದರು, ಅದರಿಂದ ಅವರಿಗೆ ಏನು ಕಷ್ಟವಾಗಿರಬಹುದು, ಅದರಿಂದ ನಿಮ್ಮ ಬದುಕಿನಲ್ಲಿ ಮುಂದೆ ಏನಾಯಿತು. ಮಾದರಿಗೆ ನಾಲ್ಕು ಸಾಲು ನೋಡಿ: ‘ಮಾವ, ಆ ಮಳೆಗಾಲದಲ್ಲಿ ನಾನು ಊರಿಗೆ ಹಿಂದಿರುಗಲು ಟ್ರಂಕು ಕಟ್ಟಿಟ್ಟಿದ್ದೆ. ನೀವು ಕೌಂಟರಿನ ಕೆಲಸ ಮುಗಿಸಿ, ಊಟವನ್ನೂ ಮಾಡದೆ, ನನ್ನನ್ನು ರಾತ್ರಿ ಶಾಲೆಯ ಹೆಡ್‌ಮಾಸ್ತರರ ಹತ್ತಿರ ಕರೆದುಕೊಂಡು ಹೋದಿರಿ. ಮರುದಿನ ಬೆಳಗ್ಗೆ ನಾಲ್ಕಕ್ಕೆ ಏಳಬೇಕಾದವರು ನೀವು ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಈಗ ನನ್ನ ಮಗಳು ಬಿ.ಕಾಂ. ಮುಗಿಸಿದಳು, ಅದನ್ನು ನಿಮಗೆ ಮೊದಲು ತಿಳಿಸಬೇಕೆನಿಸಿತು.’ ಇಂಥ ಪತ್ರ ಬರೆಯಲು ಸಂಕೋಚವಾಗುವುದು ಸಹಜ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೆಯುವವರು ಎದುರಿನವರಿಗೆ ಆಗುವ ಮುಜುಗರವನ್ನು ಇರುವುದಕ್ಕಿಂತ ಹೆಚ್ಚಾಗಿಯೂ, ಸಂತೋಷವನ್ನು ಇರುವುದಕ್ಕಿಂತ ಕಡಿಮೆಯಾಗಿಯೂ ಅಂದಾಜಿಸುತ್ತಾರೆ. ಭಾಷೆ ಚೆನ್ನಾಗಿಲ್ಲವೆಂದು ತಡೆಯಬೇಡಿ. ಓದುವವರು ವ್ಯಾಕರಣ ನೋಡುವುದಿಲ್ಲ. ಸಾಧ್ಯವಾದರೆ ನೀವೇ ಹೋಗಿ ಓದಿ ಹೇಳಿ, ಇಲ್ಲವಾದರೆ ಫೋನಿನಲ್ಲಿ.

ಇಲ್ಲಿ ಒಂದು ಎಚ್ಚರಿಕೆ. ಮನೆಗೆಲಸಕ್ಕೆ ಬರುವ ಹೆಂಗಸಿಗೆ, ಲಿಫ್ಟ್‌ಮನ್‌ಗೆ, ಕಸ ಒಯ್ಯುವವರಿಗೆ ಸಿಹಿಮಾತು ಆಡುವುದು ಸರಿಯೇ. ಆದರೆ ತಿಂಗಳ ಮೊದಲ ದಿನವೇ ಸಂಬಳ, ವಾರದ ರಜೆ, ಕಾಯಿಲೆ ಬಿದ್ದ ದಿನಕ್ಕೆ ಕಡಿತವಿಲ್ಲ, ದೀಪಾವಳಿಗೆ ಬೋನಸ್ ಇವು ಮೊದಲು ಬರಬೇಕು. ಕೊಡಬೇಕಾದದ್ದನ್ನು ಕೊಡದೆ ಹೇಳುವ ಮೆಚ್ಚುಗೆಯನ್ನು ಅವರು ಸರಿಯಾಗಿಯೇ ಅರ್ಥಮಾಡಿಕೊಳ್ಳುತ್ತಾರೆ.

ಲೋಕಲ್ ಗಾಡಿಯೊಳಗೆ

ದಿನದ ಎರಡು ಮೂರು ಗಂಟೆ ಗಾಡಿಯಲ್ಲೇ ಕಳೆಯುವವರಿಗೆ ಈ ಅಭ್ಯಾಸದ ದೊಡ್ಡ ಪಾಠಶಾಲೆ ಅದೇ. ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕಾಗೋದ ರೈಲು, ಬಸ್ ಪ್ರಯಾಣಿಕರಿಗೆ ಪಕ್ಕದ ಅಪರಿಚಿತರೊಡನೆ ಮಾತಾಡುವಂತೆ ಹೇಳಲಾಗಿತ್ತು. ಅದು ಬೇಸರ ತರುತ್ತದೆಂದೇ ಜನ ಊಹಿಸಿದ್ದರು. ಮಾತಾಡಿದವರ ಪ್ರಯಾಣ ಮಾತ್ರ ಸುಮ್ಮನೆ ಕೂತವರಿಗಿಂತ ಹಿತವಾಗಿತ್ತು. ನಮ್ಮ ಲೋಕಲ್ಲಿನಲ್ಲಿ ಮಾತು ಶುರುಮಾಡುವುದು ಶಿಕಾಗೋದಷ್ಟು ಕಷ್ಟವಲ್ಲ, ಏಕೆಂದರೆ ‘ಎಲ್ಲಿ ಇಳಿಯುತ್ತೀರಿ?’ ಎಂಬ ಪ್ರಶ್ನೆಯನ್ನು ಸೀಟಿಗಾಗಿ ಹೇಗೂ ಕೇಳಲೇಬೇಕು. ಅದರ ಮುಂದೆ ಇನ್ನೊಂದು ಮಾತು ಸೇರಿಸಿ ನೋಡಿ, ಮರಾಠಿಯಲ್ಲೋ ಮುಂಬಯಿ ಹಿಂದಿಯಲ್ಲೋ. ಕಿವಿಗೆ ಇಯರ್‌ಫೋನ್ ಹಾಕಿ ಕಣ್ಣು ಮುಚ್ಚಿದವರನ್ನು ಮಾತ್ರ ಎಬ್ಬಿಸಬೇಡಿ. ಅವರಿಗೆ ಆ ನಿದ್ದೆಯೇ ಇವತ್ತಿನ ಸಂತೋಷವಾಗಿರಬಹುದು.

ಗಮನಿಸಲು ಇಲ್ಲಿ ಸಿಗುವುದೆಲ್ಲ ಅಂಗುಲದ ಅಳತೆಯದು. ಮೂವರು ಕೂರಬೇಕಾದ ಬೆಂಚಿನಲ್ಲಿ ನಾಲ್ಕನೆಯ ಸೀಟು ಎಂದು ಒಂದಿದೆ. ರೈಲ್ವೆಯ ಲೆಕ್ಕದಲ್ಲಿ ಅದು ಇಲ್ಲ, ಪ್ರಯಾಣಿಕರ ಲೆಕ್ಕದಲ್ಲಿದೆ. ಕೈಸನ್ನೆ ಮಾಡಿದರೆ ಕೂತ ಮೂವರೂ ಮುಖ ನೋಡದೆಯೇ ಕಿಟಕಿಯ ಕಡೆಗೆ ಸರಿಯುತ್ತಾರೆ, ನಿಂತವರಿಗೆ ಒಂದು ಗೇಣು ಅಂಚು ಸಿಗುತ್ತದೆ, ಒಂದು ಕಾಲು ಹಾದಿಯಲ್ಲಿ, ಅರ್ಧ ಮೈ ಗಾಳಿಯಲ್ಲಿ. ಆ ಅಂಚಿನ ಮೇಲೆ ಘಾಟ್‌ಕೋಪರಿನಿಂದ ಥಾಣೆಯವರೆಗೆ ಕೂತವರಿಗೆ ಸೊಂಟಕ್ಕೆ ಸಿಕ್ಕ ಆರಾಮದ ಬೆಲೆ ಗೊತ್ತು. ತೂಕದ ಚೀಲವನ್ನು ಕೇಳದೆಯೇ ತೆಗೆದುಕೊಂಡು ಮೇಲಿನ ಜಾಲರಿಗೆ ಏರಿಸುವ ಕೈ, ಮುಂದಿನ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆಂದು ಹೊಸಬರಿಗೆ ಹೇಳುವವರು, ಲೇಡೀಸ್ ಡಬ್ಬಿಯಲ್ಲಿ ಕೂತಲ್ಲೇ ಸೊಪ್ಪು ಸೋಸುತ್ತ ಪಕ್ಕದವರ ಮಗುವನ್ನು ಮಡಿಲಲ್ಲಿ ಹಿಡಿದ ಹೆಂಗಸು, ಬೆಳಗಿನ ಗಾಡಿಯ ಭಜನಾ ಮಂಡಳಿಯ ತಾಳ, ಇವೆಲ್ಲ ಭಾನುವಾರದ ಟಿಪ್ಪಣಿಗೆ ಬರಬೇಕಾದವು. ಇವರ ಹೆಸರು ನಮಗೆ ತಿಳಿಯುವುದಿಲ್ಲ, ಹೇಳಲು ಹೋಗುವ ವಿಳಾಸವೂ ಇಲ್ಲ. ಆದ್ದರಿಂದ ಇಲ್ಲಿ ಐದನೆಯ ಹೆಜ್ಜೆ ರೂಪ ಬದಲಿಸುತ್ತದೆ: ಇವತ್ತು ನಿಮಗೆ ಸರಿದು ಜಾಗ ಕೊಟ್ಟವರ ಲೆಕ್ಕವನ್ನು ನಾಳೆ ಇನ್ನೊಬ್ಬರಿಗೆ ಸರಿದು ಚುಕ್ತಾ ಮಾಡಿ.

ಇಷ್ಟವಾದುದನ್ನು ಸ್ವಲ್ಪ ದೂರವಿಡಿ

ಒಗ್ಗಿಕೊಳ್ಳುವ ಮನಸ್ಸಿಗೆ ಬಿಡುವು ಕೊಡುವುದೇ ಮದ್ದು. ಮಾಟುಂಗಾದ ಉಡುಪಿ ಊಟದ ಮನೆಗೆ ಪ್ರತಿ ವಾರ ಹೋಗುವವರು ತಿಂಗಳಿಗೊಮ್ಮೆ ಹೋಗಿ ನೋಡಲಿ, ಬಾಳೆ ಎಲೆಯ ಮೇಲೆ ಬೀಳುವ ತುಪ್ಪದ ವಾಸನೆ ಹೊಸದಾಗುತ್ತದೆ. ಕೆಲವನ್ನು ಋತುವೇ ದೂರವಿಡುತ್ತದೆ. ಚಳಿಗಾಲಕ್ಕೆ ಥಾಣೆಯ ಖಾರಿಗೆ ಬಂದ ರಾಜಹಂಸಗಳು ಮಳೆ ಹಿಡಿಯುವ ಮೊದಲು ಹೊರಟುಹೋಗುತ್ತವೆ, ವಿಕ್ರೋಲಿಯ ಬಳಿ ಹೆದ್ದಾರಿಯ ಬದಿಯಲ್ಲಿ ಗುಲಾಬಿ ಬಣ್ಣದ ಟಬೇಬುಯಾ ಅರಳಿ ನಿಲ್ಲುವುದು ಬೇಸಿಗೆಯ ಬಾಗಿಲಲ್ಲಿ ಕೆಲವೇ ದಿನ, ಹಾಪೂಸ್ ಮಾವು ಜೂನ್ ದಾಟುವುದಿಲ್ಲ. ಇವನ್ನು ಕ್ಯಾಲೆಂಡರಿನಲ್ಲಿ ಗುರುತಿಟ್ಟುಕೊಂಡು, ಬಂದಾಗ ತಪ್ಪದೆ ಹೋಗಿ ನೋಡಿ, ತಿನ್ನಿ. ವರ್ಷವಿಡೀ ಫ್ರಿಜ್ಜಿನಲ್ಲಿಟ್ಟ ಮಾವಿನ ರಸಕ್ಕೆ ಆ ಗುಣವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲಿ ಇದನ್ನು ಬಳಸಬಾರದು

ತುಂಬಿದ ಗಾಡಿ, ಸೋರುವ ಚಾಳು, ಮಳೆಗೆ ಮುಳುಗುವ ಹಳಿ ಇವನ್ನೆಲ್ಲ ಸಹಿಸಿಕೊಳ್ಳುವುದನ್ನೇ ಈ ನಗರದ ಗುಣವೆಂದು ಹೊಗಳುವ ಚಾಳಿಯೊಂದಿದೆ. ಕೃತಜ್ಞತೆಯ ಅಭ್ಯಾಸವನ್ನು ಆ ಕೆಲಸಕ್ಕೆ ಹಚ್ಚಬೇಡಿ. ನಾಲ್ಕನೆಯ ಸೀಟು ಕೊಟ್ಟವರಿಗೆ ಋಣಿಯಾಗಿರುತ್ತಲೇ ಗಾಡಿಗಳು ಹೆಚ್ಚಲಿ ಎಂದು ಅರ್ಜಿ ಹಾಕಬಹುದು, ಎರಡಕ್ಕೂ ವಿರೋಧವಿಲ್ಲ. ಹಾಗೆಯೇ ಸಾವಿನ ಮನೆಯಲ್ಲಿ, ಕೆಲಸ ಕಳೆದುಕೊಂಡವರೆದುರು, ಹೊಡೆತ ತಿನ್ನುತ್ತಿರುವ ಹೆಣ್ಣಿನೆದುರು ‘ಇರುವುದರಲ್ಲಿ ಸಂತೋಷಪಡು’ ಎಂಬ ಮಾತು ಬಾಯಿಂದ ಬರಬಾರದು. ಈ ಅಭ್ಯಾಸವನ್ನು ಮನುಷ್ಯ ತನಗೆ ತಾನೇ ಹಾಕಿಕೊಳ್ಳಬಹುದು, ಇನ್ನೊಬ್ಬರ ಮೇಲೆ ಹೇರಲಾಗದು.

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸು ತಾಗದೆ, ನಿದ್ದೆ, ಹಸಿವು ಕೆಟ್ಟು, ಬದುಕೇ ಬೇಡವೆನಿಸುತ್ತಿದ್ದರೆ ಅದು ನೋಟುಪುಸ್ತಕದಿಂದ ಸರಿಹೋಗುವ ಸಂಗತಿಯಲ್ಲ, ಅದಕ್ಕೆ ವೈದ್ಯರಿದ್ದಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅಲ್ಲಿ ಮಾತಾಡಲು ಸಾಧ್ಯವಿದೆ.

ಆರು ವಾರದ ನಂತರ

ಆರು ಭಾನುವಾರಗಳು ಕಳೆದ ಮೇಲೆ ಟಿಪ್ಪಣಿಗಳನ್ನು ಒಟ್ಟಿಗೆ ಓದಿ. ನೋಡಬೇಕಾದದ್ದು ನೀವು ಎಷ್ಟು ಸುಖಿಗಳಾದಿರಿ ಎಂಬುದನ್ನಲ್ಲ, ಅದನ್ನು ಅಳೆಯಹೊರಟರೆ ಸಿಕ್ಕಿದ್ದೂ ಜಾರುತ್ತದೆ. ಒಬ್ಬರದೇ ಹೆಸರು ಮತ್ತೆ ಮತ್ತೆ ಬಂದಿದೆಯೇ, ಅವರಿಗೆ ನೀವು ಆ ಮಾತನ್ನು ಹೇಳಿದ್ದೀರಾ ಎಂದು ನೋಡಿ. ಹೇಳಿಲ್ಲವಾದರೆ ಈ ವಾರದ ಕೆಲಸ ಅದೇ. ಒಂದೇ ಬಗೆಯ ವಾಕ್ಯಗಳು ಮರುಕಳಿಸುತ್ತಿದ್ದರೆ ಆರಿಸಿಕೊಂಡ ಗಳಿಗೆಯನ್ನು ಬದಲಿಸಿ, ಕಾಫಿಯಿಂದ ಸಂಜೆಯ ದೀಪಕ್ಕೋ, ಮಗುವನ್ನು ಶಾಲೆಗೆ ಬಿಡುವ ಹಾದಿಗೋ ಬನ್ನಿ. ಬರೆಯುವುದು ಹೊರೆಯೆನಿಸಿದರೆ ಒಂದು ತಿಂಗಳು ಬಿಟ್ಟು, ಗಣೇಶ ಚತುರ್ಥಿಗೋ ಯುಗಾದಿಗೋ ಮತ್ತೆ ಶುರುಮಾಡಿ. ಸಂಘದ ಮಹಿಳಾ ವಿಭಾಗದಲ್ಲೋ ಕಟ್ಟಡದ ನಾಲ್ಕು ಕನ್ನಡ ಮನೆಗಳಲ್ಲೋ ಇದನ್ನು ಒಟ್ಟಾಗಿ ಮಾಡುವ ಮನಸ್ಸಿದ್ದರೆ, ತಿಂಗಳಿಗೊಮ್ಮೆ ಸೇರಿ ಒಬ್ಬೊಬ್ಬರು ಒಂದೊಂದೇ ಟಿಪ್ಪಣಿ ಓದಿದರೆ ಸಾಕು. ಭಾಷಣವೂ ಬೇಡ, ಅಧ್ಯಕ್ಷರೂ ಬೇಡ, ಚಹಾದ ಖರ್ಚನ್ನು ಸರದಿಯಂತೆ ಹಂಚಿಕೊಳ್ಳಿ.